ಉತಾರದಾಗ ಹೆಸರು ಬಂತೇನು?

ನವಲಗುಂದ ಕಡೆಯ ನಮ್ಮೂರಲ್ಲಿ ಯಾರೇ ಹೊಲ ಕೊಳ್ಳಲಿ, ಹಿರಿಯರು ಕೇಳೋದು ಒಂದೇ: ‘ಉತಾರದಾಗ ಹೆಸರು ಬಂತೇನು?’ ಮೊದಲು ದಫ್ತರ ವಂಶಪಾರಂಪರ್ಯದ ಕುಲಕರ್ಣಿಯ ಕೈಯಲ್ಲಿತ್ತು. 1950ರ ಮುಂಬೈ ಕಾಯ್ದೆ ಆ ವತನ ರದ್ದು ಮಾಡಿತು, ತಲಾಠಿ ಬಂದರು. 2000ದ ಸುಮಾರಿಗೆ ‘ಭೂಮಿ’ ಯೋಜನೆ ಉತಾರವನ್ನು ಕಂಪ್ಯೂಟರಿಗೆ ಏರಿಸಿತು. ಆದರೂ ರೈತ ತಾನೇ ದಫ್ತರದಲ್ಲಿ ಬರೆಯುವಂತಿಲ್ಲ.

ನಾನು ಬರೆಯೋ ಸಿ ಪ್ರೋಗ್ರಾಮಿಗೂ ಅದೇ ಕಟ್ಟಳೆ. ಡಿಸ್ಕನ್ನು ನೇರ ಮುಟ್ಟುವಂತಿಲ್ಲ. ನಡುವೆ ಲೈಬ್ರರಿ, ಆಮೇಲೆ ಕರ್ನಲ್. ಬೆಲ್ ಲ್ಯಾಬ್ಸ್‌ನಲ್ಲಿ ಮೈಕ್ ಲೆಸ್ಕ್ ಬರೆದದ್ದನ್ನು ಡೆನ್ನಿಸ್ ರಿಚ್ಚಿ ತಿದ್ದಿದರು; 1979ರ ಯುನಿಕ್ಸಿನಲ್ಲಿ ಅದು ‘ಸ್ಟ್ಯಾಂಡರ್ಡ್ ಐ/ಓ’ ಆಗಿ ಬಂತು. ‘ಎಫ್‌ರೈಟ್’ ಅಂದರೆ ಡೇಟಾ ಮೊದಲು ಬಫರಿನಲ್ಲಿ ಕೂರುತ್ತದೆ. ‘ಎಫ್‌ಫ್ಲಶ್’ ಕರ್ನಲ್‌ಗೆ ದಾಟಿಸುತ್ತದೆ. ಡಿಸ್ಕು ಸೇರಿತೆಂಬ ಖಾತ್ರಿಗೆ ‘ಎಫ್‌ಸಿಂಕ್’ ಬೇಕು.

ಇದನ್ನು ಮರೆತು, ಕರೆಂಟು ಹೋದಾಗ ಇಡೀ ರಾತ್ರಿಯ ಲೆಕ್ಕ ಕಳಕೊಂಡೆ. ಅಪ್ಪ ನಕ್ಕರು: ‘ಖರೀದಿ ಆತು ತಮ್ಮಾ, ಉತಾರದಾಗ ಹೆಸರು ಬರಲಿಲ್ಲ!’