ಇಲಿ ಬೀಳುವ ಕಾಲ: ಹಳೇ ಮೈಸೂರಿನ ಪುರಸಭೆಗಳ ಚಳಿಗಾಲ

ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ, ಅಂದರೆ ಸುಮಾರು ಐವತ್ತು ವರ್ಷಗಳ ಕಾಲ, ಮೈಸೂರು ಸಂಸ್ಥಾನದ ಪಟ್ಟಣಗಳ ಪುರಸಭೆಗಳಿಗೆ ಚಳಿಗಾಲವೆಂದರೆ ಪ್ಲೇಗಿನ ಕಾಲ ಎಂದೇ ಅರ್ಥವಾಗಿತ್ತು. ಮುಂಗಾರು ಹಿಂದೆ ಸರಿಯುವ ಹೊತ್ತಿಗೆ ತೊಡಗಿ, ಸಂಕ್ರಾಂತಿ ದಾಟಿ ಬಿಸಿಲು ಬಲಿಯುವವರೆಗೂ ಸತ್ತ ಇಲಿಗಳನ್ನು ಎತ್ತಿಸುವುದು, ಮನೆಗಳನ್ನು ತಪಾಸಣೆ ಮಾಡುವುದು, ಗೋಡೆಗಳಿಗೆ ಸುಣ್ಣ ಬಳಿಸುವುದು, ಊರಾಚೆ ಗುಡಿಸಲುಗಳಿಗೆ ಜಾಗ ತೋರಿಸುವುದು, ಜನರಿಗೆ ಸೂಜಿಮದ್ದು ಹಾಕಿಸುವುದು ಇವೇ ಕಚೇರಿಯ ಮುಖ್ಯ ಕೆಲಸಗಳಾಗಿದ್ದವು. ಮೊದಲಲ್ಲಿ ತುರ್ತಿನ ಕ್ರಮಗಳೆಂದು ಬಂದ ಇವು ಹತ್ತು ಹದಿನೈದು ವರ್ಷ ಕಳೆಯುವಷ್ಟರಲ್ಲಿ ಬೀದಿ ಗುಡಿಸುವ, ದೀಪ ಹಚ್ಚುವ ಕೆಲಸಗಳ ಸಾಲಿಗೆ ಸೇರಿ ವಾಡಿಕೆಯಾದವು. ಪ್ಲೇಗಿನ ಇತಿಹಾಸ ಬರೆದವರು ಸಾವಿನ ಲೆಕ್ಕಕ್ಕೂ ಗಲಭೆಗಳಿಗೂ ಕೊಟ್ಟಷ್ಟು ಗಮನವನ್ನು ಈ ವಾಡಿಕೆಗೆ ಕೊಟ್ಟಿಲ್ಲ. ಸಣ್ಣ ನಗರದ ಆಡಳಿತವು ಜನರ ಮನೆಯ ಹೊಸ್ತಿಲು ದಾಟಿದ್ದು ಮಾತ್ರ ಬಹುಪಾಲು ಇದರ ಮೂಲಕವೇ.

ಪ್ಲೇಗಿಗೆ ಮೊದಲಿನ ಪುರಸಭೆಯ ವ್ಯಾಪ್ತಿ ಬಹಳ ಚಿಕ್ಕದು. ಬೆಂಗಳೂರು, ಮೈಸೂರು ನಗರಗಳಲ್ಲಿ ಪುರಸಭೆಗಳು 1862ರಲ್ಲಿ, ಅಂದರೆ ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯ ಕಾಲದಲ್ಲಿ, ಸ್ಥಾಪನೆಯಾದವು. ಊರ ಬಾಗಿಲಲ್ಲಿ ಸರಕಿನ ಮೇಲೆ ಸುಂಕ ಎತ್ತುವುದು, ಮುಖ್ಯ ಬೀದಿಗಳನ್ನು ಗುಡಿಸಿಸುವುದು, ಮೋರಿಗಳ ಮೇಲ್ವಿಚಾರಣೆ, ಸಂತೆ ಮಾರುಕಟ್ಟೆಗಳ ಏರ್ಪಾಡು, ಎಣ್ಣೆ ದೀಪಗಳ ಉಸ್ತುವಾರಿ ಇಷ್ಟರಲ್ಲಿ ಅವುಗಳ ದಿನಚರಿ ಮುಗಿಯುತ್ತಿತ್ತು. ಬೀದಿ ಪುರಸಭೆಯದು, ಮನೆ ಮನೆಯವರದು ಎಂಬ ಗೆರೆಯನ್ನು ಯಾರೂ ಪ್ರಶ್ನಿಸಿರಲಿಲ್ಲ. ಒಬ್ಬ ಗೃಹಸ್ಥನ ಅಟ್ಟದಲ್ಲಿ, ಕಣಜದಲ್ಲಿ, ಅಡುಗೆಮನೆಯ ಮೂಲೆಯಲ್ಲಿ ಏನಿದೆ ಎಂದು ಕೇಳುವ ಅಧಿಕಾರ ತನಗಿದೆಯೆಂದು ಪುರಸಭೆಯೂ ಭಾವಿಸಿರಲಿಲ್ಲ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುಹಾದಿಯನ್ನೂ ಧಾನ್ಯ ಮತ್ತು ಬಟ್ಟೆಯ ವ್ಯಾಪಾರದ ದಾರಿಯನ್ನೂ ಹಿಡಿದು ದಕ್ಷಿಣಕ್ಕೆ ಇಳಿಯಿತು. ಧಾರವಾಡ, ಹುಬ್ಬಳ್ಳಿಗಳನ್ನು ಹಾದು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು, ಸ್ವಲ್ಪ ಕಾಲದಲ್ಲೇ ಮೈಸೂರಿಗೂ ಹರಡಿತು. ಆಗ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್, ರೋಗ ನಿಯಂತ್ರಣದ ಹೊಣೆ ಹೊತ್ತ ಪ್ಲೇಗ್ ಕಮಿಷನರ್ ಮುಂದೆ ತಾವೇ ದಿವಾನರಾದ ವಿ. ಪಿ. ಮಾಧವರಾವ್. ಹಾವಳಿಯ ಪ್ರಮಾಣವನ್ನು ಜನಗಣತಿಯ ಅಂಕಿಗಳಿಂದಲೇ ಅಳೆಯಬಹುದು. 1891ರಲ್ಲಿ 74,048 ಇದ್ದ ಮೈಸೂರು ನಗರದ ಜನಸಂಖ್ಯೆ 1901ರಲ್ಲಿ 68,111ಕ್ಕೆ ಇಳಿದಿತ್ತು. ದಂಡುಪ್ರದೇಶವನ್ನು ಬಿಟ್ಟ ಬೆಂಗಳೂರು ನಗರದ ಜನಸಂಖ್ಯೆ ಅದೇ ಅವಧಿಯಲ್ಲಿ 80,285ರಿಂದ 69,447ಕ್ಕೆ ಕುಸಿದಿತ್ತು. ಈ ಇಳಿಕೆಯೆಲ್ಲ ಸಾವಿನದಲ್ಲ. ಊರು ಬಿಟ್ಟು ಹೋಗಿ ಮರಳದವರ ಪಾಲೂ ಅದರಲ್ಲಿ ದೊಡ್ಡದು. ಬೆಳೆಯುತ್ತಿರಬೇಕಾದ ರಾಜಧಾನಿಗಳು ಹತ್ತು ವರ್ಷದಲ್ಲಿ ಕುಗ್ಗಿದ್ದು ಆಡಳಿತವನ್ನು ಬೆಚ್ಚಿಬೀಳಿಸಲು ಸಾಕಾಗಿತ್ತು.

ರೋಗವು ಚಳಿಗಾಲವನ್ನೇ ಏಕೆ ಆರಿಸಿಕೊಂಡಿತೆಂಬುದು ಆಗಿನವರಿಗೆ ಬಹುಕಾಲ ಬಿಡಿಸಲಾಗದ ಒಗಟು. ಪ್ಲೇಗಿನ ಸೂಕ್ಷ್ಮಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದರೂ, ಅದು ಇಲಿಯಿಂದ ಮನುಷ್ಯನಿಗೆ ಚಿಗಟದ ಮೂಲಕ ದಾಟುತ್ತದೆಂದು ಪೌಲ್-ಲೂಯಿ ಸಿಮೊಂದ್ 1898ರಲ್ಲಿ ಹೇಳಿದಾಗ ಹೆಚ್ಚಿನವರು ಅದನ್ನು ನಂಬಲಿಲ್ಲ. 1905ರಿಂದ ಮುಂಬಯಿಯಲ್ಲಿ ಕೆಲಸ ಮಾಡಿದ ಸಂಶೋಧನಾ ಆಯೋಗ ಅದನ್ನು ಪ್ರಯೋಗಗಳಿಂದ ಸ್ಥಿರಪಡಿಸಿತು. ಸೂಕ್ಷ್ಮಾಣುಗಳು ಚಿಗಟದ ಹೊಟ್ಟೆಯ ಮುಂಭಾಗದಲ್ಲಿ ಹೆಪ್ಪುಗಟ್ಟಿ ದಾರಿಯನ್ನು ಮುಚ್ಚುವುದರಿಂದ ಹಸಿದ ಚಿಗಟವು ಮತ್ತೆ ಮತ್ತೆ ಕಚ್ಚಿ, ಹೀರಿದ ರಕ್ತವನ್ನು ರೋಗಾಣುವಿನೊಡನೆ ಗಾಯಕ್ಕೇ ಕಕ್ಕುತ್ತದೆಂದು ಬೇಕಟ್ ಮತ್ತು ಮಾರ್ಟಿನ್ ಎಂಬ ವಿಜ್ಞಾನಿಗಳು 1914ರಲ್ಲಿ ತೋರಿಸಿದರು. ತಾಪ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಿದರೆ ಈ ಹೆಪ್ಪು ನಿಲ್ಲದು. ಒಣ ಸೆಕೆಯಲ್ಲಿ ಚಿಗಟವೂ ಬಹಳ ದಿನ ಬದುಕದು. ಪಂಜಾಬಿನಲ್ಲಿ ಚಳಿ ಅತಿಯಾದ್ದರಿಂದ ರೋಗ ವಸಂತದಲ್ಲಿ ಉಲ್ಬಣಿಸುತ್ತಿತ್ತು. ಮೈಸೂರಿನ ಪ್ರಸ್ಥಭೂಮಿಯಲ್ಲಾದರೋ ಮಳೆ ನಿಂತ ಮೇಲಿನ ತಂಪು ಅದಕ್ಕೆ ತಕ್ಕದಾಗಿ ಒದಗುತ್ತಿತ್ತು. ರಾಗಿ, ಭತ್ತದ ಕೊಯ್ಲು ಮುಗಿದು ಧಾನ್ಯ ಮಂಡಿಗಳಿಗೂ ಕಣಜಗಳಿಗೂ ಬಂದು ತುಂಬುವುದೂ, ದಸರೆಗೂ ಜಾತ್ರೆಗಳಿಗೂ ಜನ ನೆರೆಯುವುದೂ ಹೆಚ್ಚುಕಡಿಮೆ ಇದೇ ತಿಂಗಳುಗಳಲ್ಲಿ. ಊರು ಅತ್ಯಂತ ಸಮೃದ್ಧವಾಗಿ ಕಾಣುವ ಕಾಲವೇ ಅದಕ್ಕೆ ಅತ್ಯಂತ ಅಪಾಯದ ಕಾಲವಾಗಿತ್ತು.

ಆರಂಭದ ಕ್ರಮಗಳು ಬಲಾತ್ಕಾರದವು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಮಾದರಿಯಲ್ಲಿ ಅಧಿಕಾರಿಗಳು ಮನೆಗಳಿಗೆ ನುಗ್ಗಿ ರೋಗಿಗಳನ್ನು ಹುಡುಕುತ್ತಿದ್ದರು, ರೋಗಿಯನ್ನು ಆಸ್ಪತ್ರೆಗೂ ಮನೆಮಂದಿಯನ್ನು ಪ್ರತ್ಯೇಕ ಶಿಬಿರಕ್ಕೂ ಸಾಗಿಸುತ್ತಿದ್ದರು, ಹಾಸಿಗೆ ಬಟ್ಟೆಗಳನ್ನು ಸುಡಿಸುತ್ತಿದ್ದರು. ಪುಣೆಯಲ್ಲಿ ಇಂಥ ಕ್ರಮಗಳ ಮುಖಂಡನಾಗಿದ್ದ ವಾಲ್ಟರ್ ರ‍್ಯಾಂಡ್ 1897ರ ಜೂನಿನಲ್ಲಿ ಗುಂಡೇಟಿಗೆ ಗುರಿಯಾದ. ಮರುವರ್ಷ ಶ್ರೀರಂಗಪಟ್ಟಣದ ಗಂಜಾಮಿನಲ್ಲೂ ಜನ ದಂಗೆಯೆದ್ದರು. ರೋಗವನ್ನು ಮುಚ್ಚಿಡುವುದು, ಹೆಣವನ್ನು ರಾತ್ರೋರಾತ್ರಿ ಸಾಗಿಸುವುದು ಎಲ್ಲೆಡೆ ನಡೆಯುತ್ತಿತ್ತು. ಬಲವಂತದಿಂದ ಮಾಹಿತಿಯೇ ಕೈತಪ್ಪುತ್ತದೆಂದು ಸರ್ಕಾರಗಳಿಗೆ ಅರಿವಾದ ಮೇಲೆ, 1900ರ ಸುಮಾರಿಗೆ, ನೀತಿ ಸಡಿಲಗೊಂಡಿತು. ಕೆಲಸ ಸೈನಿಕರ, ವಿಶೇಷ ಅಧಿಕಾರಿಗಳ ಕೈಯಿಂದ ಜಾರಿ ಪುರಸಭೆಯ ಸಾಮಾನ್ಯ ನೌಕರರ ಕೈಗೆ ಬಂದದ್ದೂ, ಪ್ಲೇಗಿನ ವಾಡಿಕೆ ನಿಜವಾಗಿ ರೂಪುಗೊಂಡದ್ದೂ ಇದರ ನಂತರ.

ಈ ವಾಡಿಕೆಯ ಮೊದಲ ಮೆಟ್ಟಿಲು ಇಲಿ. ಮನೆಯಲ್ಲಿ ಅಥವಾ ಬೀದಿಯಲ್ಲಿ ಕಾರಣವಿಲ್ಲದೆ ಇಲಿಗಳು ಸತ್ತು ಬೀಳುವುದಕ್ಕೆ ಜನ ‘ಇಲಿ ಬೀಳುವುದು’ ಎನ್ನುತ್ತಿದ್ದರು. ಮನೆಯ ಇಲಿಗಳು ಸತ್ತ ಮೇಲೆ ಅವುಗಳ ಚಿಗಟಗಳು ಬೇರೆ ಆಸರೆ ಹುಡುಕಿ ಮನುಷ್ಯರ ಮೇಲೆ ಏರುವುದರಿಂದ, ಇಲಿ ಬಿದ್ದ ಒಂದೆರಡು ವಾರಗಳಲ್ಲಿ ಮನುಷ್ಯರಿಗೆ ಜ್ವರ ಬಂದು ತೊಡೆಯ ಸಂದಿನಲ್ಲೋ ಕಂಕುಳಲ್ಲೋ ಗಡ್ಡೆ ಕಾಣಿಸುತ್ತಿತ್ತು. ಈ ಅಂತರವನ್ನು ಹಳ್ಳಿಯ ಜನ ಸಂಶೋಧಕರಿಗಿಂತ ಮುಂಚೆ ಕಂಡುಕೊಂಡಿದ್ದರೆಂದು ಹೇಳಿದರೆ ತಪ್ಪಾಗಲಾರದು. ಪುರಸಭೆಯ ಆರೋಗ್ಯ ಸಿಬ್ಬಂದಿ ಪ್ರತಿ ಬೆಳಿಗ್ಗೆ ತಮ್ಮ ತಮ್ಮ ಮೊಹಲ್ಲಾಗಳಲ್ಲಿ, ಅಂದರೆ ನಗರವನ್ನು ಆಡಳಿತಕ್ಕಾಗಿ ಹಂಚಿದ ಭಾಗಗಳಲ್ಲಿ, ಎಲ್ಲಿ ಇಲಿ ಬಿದ್ದಿದೆಯೆಂದು ವಿಚಾರಿಸಿ, ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟದೆ ಎತ್ತಿಸಿ ಸುಡಿಸುತ್ತಿದ್ದರು. ಮುಂದೆ ಪ್ರಯೋಗಾಲಯಗಳ ಸೌಕರ್ಯ ಬಂದಂತೆ, ಸಿಕ್ಕ ಜಾಗದ ಚೀಟಿ ಕಟ್ಟಿದ ಇಲಿಗಳನ್ನು ಪರೀಕ್ಷೆಗೆ ಕಳುಹಿಸುವ ಪದ್ಧತಿಯೂ ಸೇರಿಕೊಂಡಿತು. ಜೀವಂತ ಇಲಿಗಳಿಗೆ ಬೋನುಗಳನ್ನು ಹಂಚುವುದು, ಬೇರಿಯಂ ಕಾರ್ಬೊನೇಟ್ ಬೆರೆಸಿದ ಹಿಟ್ಟಿನ ಉಂಡೆಗಳನ್ನು ಬಿಲಗಳ ಬಳಿ ಇಡುವುದು, 1930ರ ದಶಕದ ಹೊತ್ತಿಗೆ ಸೈನೊಗ್ಯಾಸ್ ಎಂಬ ವಿಷದ ಪುಡಿಯನ್ನು ಕಾಲಿನಿಂದ ತುಳಿಯುವ ಪಂಪಿನ ಮೂಲಕ ಬಿಲದೊಳಕ್ಕೆ ಊದುವುದು ಇವೆಲ್ಲ ಅದೇ ಕೆಲಸದ ಬೆಳೆದ ರೂಪಗಳು. ಇಲಿ ಗಣಪತಿಯ ವಾಹನವೆಂದೂ ಜೀವಹಿಂಸೆ ಸಲ್ಲದೆಂದೂ ನಂಬಿದ್ದ ಮನೆಗಳಲ್ಲಿ ಬೋನು ಇಡುವುದೇ ಕಷ್ಟವಾಗಿತ್ತು.

ಎರಡನೆಯದು ಮನೆಯ ಶುದ್ಧಿ. ಪ್ಲೇಗು ಬಂದ ಮನೆಯ ನೆಲಕ್ಕೂ ಗೋಡೆಗೂ ಪಾದರಸದ ಲವಣದ ದ್ರಾವಣವನ್ನು ಸುರಿಯುವುದು, ಸುಣ್ಣ ಬಳಿಯುವುದು, ಗಂಧಕದ ಹೊಗೆ ಹಾಕುವುದು, ನಾಡಹೆಂಚುಗಳನ್ನು ತೆಗೆದು ಒಳಗೆ ಬಿಸಿಲು ಬೀಳುವಂತೆ ಮಾಡುವುದು ರೂಢಿಯಾಗಿತ್ತು. ರೋಗವು ನೆಲದ ಕೊಳೆಯಲ್ಲಿ ಅಡಗಿದೆಯೆಂಬ ಹಳೆಯ ನಂಬಿಕೆಯಿಂದ ಹುಟ್ಟಿದ ಈ ಕ್ರಮಗಳಲ್ಲಿ ದ್ರಾವಣಕ್ಕಿಂತ ಬಿಸಿಲೇ ಹೆಚ್ಚು ಉಪಕಾರ ಮಾಡಿರಬೇಕು, ಏಕೆಂದರೆ ಚಿಗಟಕ್ಕೆ ಸಹಿಸಲಾಗದ್ದು ಅದೇ. ಚಿಗಟದ ಸಂಗತಿ ಖಚಿತವಾದ ಮೇಲೂ ಕಚೇರಿಗಳು ದ್ರಾವಣದ ಡ್ರಮ್ಮುಗಳನ್ನು ಬಿಟ್ಟುಕೊಡಲು ಬಹಳ ವರ್ಷ ಹಿಡಿಯಿತು. ಒಮ್ಮೆ ಆಯವ್ಯಯದಲ್ಲಿ ಸೇರಿದ ಬಾಬು ಸುಲಭವಾಗಿ ಹೊರಬೀಳುವುದಿಲ್ಲ.

ಇವೆಲ್ಲಕ್ಕಿಂತ ಪರಿಣಾಮಕಾರಿಯಾದದ್ದು ಊರು ಬಿಡುವುದು. ಇಲಿ ಬಿದ್ದ ಸುದ್ದಿ ಬಂದೊಡನೆ ಬೀದಿಗೆ ಬೀದಿಯೇ ಗಂಟುಮೂಟೆ ಕಟ್ಟಿ ಹೊರವಲಯದ ಬಯಲುಗಳಲ್ಲಿ, ತೋಪುಗಳಲ್ಲಿ ಬಿದಿರ ತಟ್ಟಿ ಮತ್ತು ತೆಂಗಿನ ಗರಿಗಳ ಗುಡಿಸಲು ಹಾಕಿಕೊಂಡು, ರೋಗ ಇಳಿಯುವವರೆಗೆ ತಿಂಗಳುಗಟ್ಟಲೆ ಅಲ್ಲಿಯೇ ಸಂಸಾರ ಹೂಡುತ್ತಿತ್ತು. ಮೊದಲು ಸರ್ಕಾರ ಹೇರಿದ ಈ ಕ್ರಮವನ್ನು ಕೆಲವೇ ವರ್ಷಗಳಲ್ಲಿ ಜನ ತಾವಾಗಿಯೇ ಪಾಲಿಸತೊಡಗಿದ್ದು ಈ ಇತಿಹಾಸದ ಗಮನಾರ್ಹ ತಿರುವು. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ ಕಾದಂಬರಿಯ ಓದುಗರಿಗೆ ಊರಾಚೆಯ ಈ ವಾಸದ ಪರಿಚಯವಿದ್ದೇ ಇರುತ್ತದೆ. ಜನ ಹೊರಟರೆ ಪುರಸಭೆಯ ಕೆಲಸ ಇಮ್ಮಡಿಸುತ್ತಿತ್ತು: ಹೊರಗಿನ ಬಯಲಿಗೆ ನೀರು, ದೀಪ, ಕಕ್ಕಸುಗಳ ಏರ್ಪಾಡಾಗಬೇಕು, ಅಕ್ಕಪಕ್ಕದ ಗುಡಿಸಲುಗಳ ನಡುವೆ ಬೆಂಕಿ ಹರಡದಷ್ಟು ಅಂತರ ಉಳಿಯಬೇಕು, ಇತ್ತ ಬೀಗ ಹಾಕಿದ ಮನೆಗಳಿಗೆ ಕಳ್ಳರು ನುಗ್ಗದಂತೆ ಪೊಲೀಸರ ಗಸ್ತೂ ಬೇಕು. ಒಂದೇ ಊರು ಎರಡು ಕಡೆ ಇರುತ್ತಿದ್ದ ಈ ತಿಂಗಳುಗಳಲ್ಲಿ ಸುಂಕ, ಕಂದಾಯಗಳ ವಸೂಲಿ ಹೇಗೆ ನಡೆದೀತೆಂಬುದನ್ನು ಊಹಿಸುವುದು ಕಷ್ಟವಲ್ಲ. ಗುಡಿಸಲುಗಳ ನಡುವೆಯೂ ಊರ ಅಂಚಿನಲ್ಲೂ ಪ್ಲೇಗ್ ಮಾರಮ್ಮನ ಗುಡಿಗಳು ಎದ್ದವು. ಅವುಗಳಲ್ಲಿ ಕೆಲವು ಬೆಂಗಳೂರು, ಮೈಸೂರು ಕಡೆಗಳಲ್ಲಿ ಇಂದಿಗೂ ಪೂಜೆಗೊಳ್ಳುತ್ತಿವೆ.

ಸೂಜಿಮದ್ದಿನ ಕಥೆ ಚಿಕ್ಕದು. ವಾಲ್ಡೆಮಾರ್ ಹಾಫ್‌ಕಿನ್ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ತನ್ನ ಮೇಲೆಯೇ ಪ್ರಯೋಗಿಸಿಕೊಂಡ ಪ್ಲೇಗ್ ಲಸಿಕೆಯನ್ನು ಇಡೀ ಊರಿಗೆ ಊರೇ ಹಾಕಿಸಿಕೊಂಡ ಮೊದಲ ದೊಡ್ಡ ಉದಾಹರಣೆಗಳಲ್ಲಿ 1898ರ ಹುಬ್ಬಳ್ಳಿ ಮುಖ್ಯವಾದದ್ದು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತದ್ದು ದೇಶದಾದ್ಯಂತ ಅಂಜಿಕೆ ಹುಟ್ಟಿಸಿತು. ಆ ಅಂಜಿಕೆ ಕರಗಿ, ಇಲಿ ಬಿದ್ದೊಡನೆ ಸೂಜಿ ಹಾಕಿಸಿಕೊಳ್ಳಲು ಜನ ಸಾಲು ನಿಲ್ಲುವಂತಾಗಲು ಬಹಳ ಕಾಲ ಬೇಕಾಯಿತು.

ಈ ಎಲ್ಲ ಕೆಲಸವನ್ನು ಕೈಯಾರೆ ಮಾಡಿದವರ ಹೆಸರುಗಳು ಯಾವ ಫಲಕದಲ್ಲೂ ಇಲ್ಲ. ಸತ್ತ ಇಲಿಯನ್ನು ಎತ್ತಿದವರು, ರೋಗಿ ಮಲಗಿದ್ದ ಚಾಪೆಯನ್ನು ಸುಟ್ಟವರು, ಯಾರೂ ಮುಟ್ಟಲೊಲ್ಲದ ಹೆಣಗಳನ್ನು ಸಾಗಿಸಿದವರು ಪುರಸಭೆಯ ಕಸಗುಡಿಸುವ, ಮಲ ಹೊರುವ ಕೆಲಸಕ್ಕೆ ಜಾತಿಯ ಕಾರಣದಿಂದಲೇ ನೇಮಕವಾಗುತ್ತಿದ್ದ ಆಳುಗಳು. ಪ್ಲೇಗಿನ ಕಾರಣದಿಂದ ಮುಂದೆ ಎದ್ದ ಹೊಸ ಬಡಾವಣೆಗಳಿಗೆ ಅಧಿಕಾರಿಗಳ, ಅರಸುಮನೆತನದವರ ಹೆಸರುಗಳು ಬಂದವು, ಇವರ ಕೇರಿಗಳು ಮಾತ್ರ ಹೆಚ್ಚಾಗಿ ತಗ್ಗಿನ, ಇಕ್ಕಟ್ಟಿನ ಜಾಗಗಳಲ್ಲೇ ಉಳಿದವು.

ಚಳಿಗಾಲದ ಈ ಅನುಭವ ಇಂಜಿನಿಯರಿಂಗ್ ಇಲಾಖೆಯ ಮೂಲಕ ಶಾಶ್ವತ ರೂಪ ತಳೆಯಿತು. ಬೆಂಗಳೂರಿನಲ್ಲಿ ಹೊಸ ಬಡಾವಣೆಗಳಾದ ಬಸವನಗುಡಿ, ಮಲ್ಲೇಶ್ವರಗಳು ಹಳೆಯ ಊರಿನ ಇಕ್ಕಟ್ಟು ಬಿಟ್ಟು ಬಂದವರಿಂದ ತುಂಬಿಕೊಂಡವು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿಗೆಂದೇ ಪ್ರತ್ಯೇಕ ಟ್ರಸ್ಟ್ ಬೋರ್ಡು ಸ್ಥಾಪನೆಯಾಗಿ, ಕೋಟೆಯ ಒಳಗಿನ ಮತ್ತು ಸುತ್ತಲಿನ ದಟ್ಟಣೆಯನ್ನು ಕಡಿಮೆ ಮಾಡಿ ಹೊಸ ಬಡಾವಣೆಗಳನ್ನು ರೂಪಿಸುವ ಕೆಲಸ ಕೈಗೊಂಡಿತು. ಇಂಥ ಸಂಸ್ಥೆಗಳಲ್ಲಿ ಇದು ದೇಶಕ್ಕೇ ಮೊದಲನೆಯದೆಂದು ಅಭಿಮಾನದಿಂದ ಹೇಳುವುದುಂಟು. ಮುಂಬಯಿಯ ಟ್ರಸ್ಟ್ 1898ರಲ್ಲೇ, ಅದೂ ಪ್ಲೇಗಿನ ಕಾರಣದಿಂದಲೇ, ಹುಟ್ಟಿದ್ದರಿಂದ ಆ ಮಾತು ನಿಲ್ಲುವುದಿಲ್ಲ. ಆದರೆ ಎಪ್ಪತ್ತು ಸಾವಿರ ಜನರೂ ಇಲ್ಲದ ಒಂದು ನಗರ ಆ ಕಾಲದಲ್ಲಿ ಇಂಥ ಬೋರ್ಡನ್ನು ಕಟ್ಟಿಕೊಂಡದ್ದೇ ಸಣ್ಣ ಸಂಗತಿಯಲ್ಲ. ಇಲಿಯನ್ನು ಗಮನದಲ್ಲಿಟ್ಟು ಮನೆ ಕಟ್ಟುವ ವಿಚಾರವನ್ನು ಎಲ್ಲರಿಗಿಂತ ಮುಂದೆ ಒಯ್ದವರು ಬೆಂಗಳೂರು ದಂಡುಪ್ರದೇಶದ ಪುರಸಭೆಯ ಜೆ. ಎಚ್. ಸ್ಟೀಫನ್ಸ್. 1910ರಲ್ಲಿ ಉದ್ಘಾಟನೆಯಾದ ಫ್ರೇಜರ್ ಟೌನಿನಲ್ಲಿ ಇಲಿ ಕೊರೆಯಲಾಗದ ಗಟ್ಟಿ ತಳಪಾಯ ಮತ್ತು ನೆಲ, ಗಾಳಿ ಬೆಳಕಿನ ಕೋಣೆಗಳು, ಮನೆಗಳ ಸುತ್ತ ಬಿಟ್ಟ ಜಾಗ ಇವುಗಳನ್ನು ನಿಯಮವಾಗಿಸಲು ಅವರು ಯತ್ನಿಸಿದರು. 1914ರಲ್ಲಿ ಆ ಕುರಿತು ಒಂದು ಪುಸ್ತಕವನ್ನೂ ಪ್ರಕಟಿಸಿದರು. ಹಳೇ ಬಡಾವಣೆಗಳ ಅಗಲವಾದ ಬೀದಿಗಳಿಗೂ ಮನೆಗಳ ಹಿಂಬದಿಯಲ್ಲಿ ಕಸ ಸಾಗಿಸಲೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳಿಗೂ ಕಾರಣ ಹುಡುಕಿ ಹೊರಟರೆ ಸೌಂದರ್ಯದ ಕಲ್ಪನೆಗಿಂತ ಮೊದಲು ಇಲಿಯೇ ಎದುರಾಗುತ್ತದೆ.

1940ರ ದಶಕದಲ್ಲಿ ಸಲ್ಫಾ ಔಷಧಿಗಳು, ಅನಂತರ ಸ್ಟ್ರೆಪ್ಟೊಮೈಸಿನ್ ಬಂದು ರೋಗಿಗಳು ಬದುಕತೊಡಗಿದರು. ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಪುಡಿ ಚಿಗಟಗಳ ಸಂಖ್ಯೆಯನ್ನು ತಗ್ಗಿಸಿತು. ಐವತ್ತರ ದಶಕದಲ್ಲಿ ಹಳೇ ಮೈಸೂರಿನ ಪಟ್ಟಣಗಳಲ್ಲಿ ಊರು ಬಿಡುವ ಪದ್ಧತಿ ತಾನಾಗಿಯೇ ನಿಂತುಹೋಯಿತು. ಬೋನು, ಪಂಪುಗಳು ಪುರಸಭೆಯ ಉಗ್ರಾಣ ಸೇರಿದವು. ರೋಗವು ಕೊನೆಯ ತನಕ ಅಂಟಿಕೊಂಡಿದ್ದದ್ದು ಕೋಲಾರ ಜಿಲ್ಲೆಯ ಮುಳಬಾಗಿಲಿನ ಸುತ್ತಮುತ್ತ. 1966ರಲ್ಲಿ ಅಲ್ಲಿ ಕಂಡ ಪ್ರಕರಣಗಳ ನಂತರ, 1994ರಲ್ಲಿ ಬೀಡ್ ಮತ್ತು ಸೂರತ್‌ಗಳಿಂದ ವರದಿಗಳು ಬರುವವರೆಗೆ, ದೇಶದಲ್ಲಿ ಪ್ಲೇಗಿನ ಸುದ್ದಿಯಿರಲಿಲ್ಲ. ಬೆಂಗಳೂರಿನಲ್ಲಿರುವ ಕೇಂದ್ರ ಸರ್ಕಾರದ ಪ್ಲೇಗ್ ಕಣ್ಗಾವಲು ಘಟಕವು ಹಳೆಯ ರೋಗಕ್ಷೇತ್ರಗಳಲ್ಲಿ ಇಲಿಗಳನ್ನು ಹಿಡಿದು ಪರೀಕ್ಷಿಸುವ ಕೆಲಸವನ್ನು ಮುಂದುವರಿಸಿದೆ.