ಅಚ್ಚಿನಿಂದ ಜಾಲಕ್ಕೆ: ಫಾಂಟ್ ಕಡತಗಳ ಕಥೆ

ಗಣಕಯಂತ್ರದ ಅಕ್ಷರಗಳ ಆಕಾರವು ಫಾಂಟ್ ಎಂಬ ಕಡತದಲ್ಲಿ ರೇಖೆಗಳ ಲೆಕ್ಕವಾಗಿ ಅಡಗಿರುತ್ತದೆ. ಈ ಲೆಕ್ಕವನ್ನು ಬರೆದಿಡುವ ಪದ್ಧತಿಗಾಗಿ ಅಮೆರಿಕದ ಕಂಪನಿಗಳ ನಡುವೆ ದೊಡ್ಡ ಜಗಳವೇ ನಡೆಯಿತು.

1984ರಲ್ಲಿ ಅಡೋಬಿ ಸಂಸ್ಥೆಯು ಪೋಸ್ಟ್‌ಸ್ಕ್ರಿಪ್ಟ್ ಭಾಷೆಯೊಡನೆ ಟೈಪ್ 1 ಫಾಂಟುಗಳನ್ನು ತಂದಿತು. ಮುದ್ರಣಕ್ಕೆ ಅವು ಬಹಳ ಸೊಗಸು. ಆದರೆ ಸಣ್ಣ ಅಕ್ಷರವೂ ವಿಕಾರವಾಗದಂತೆ ಮೂಡಿಸುವ ಉಪಾಯವನ್ನು ಅಡೋಬಿ ಗುಟ್ಟಾಗಿಟ್ಟಿತು. ಬೇಕಾದವರು ಹಣ ತೆತ್ತು ಪರವಾನಗಿ ಪಡೆಯಬೇಕಿತ್ತು. ಇದನ್ನು ಒಪ್ಪದ ಆಪಲ್ ಟ್ರೂಟೈಪನ್ನು ರೂಪಿಸಿತು. 1989ರಲ್ಲಿ ಮೈಕ್ರೋಸಾಫ್ಟ್ ಆಪಲ್ ಜತೆಗೂಡಿದಾಗ ಅಡೋಬಿ ಮಣಿಯಿತು. 1990ರಲ್ಲಿ ಗುಟ್ಟು ಪುಸ್ತಕರೂಪದಲ್ಲಿ ಬಯಲಾಯಿತು. ಪೈಪೋಟಿಯಿಲ್ಲದೆ ಇದು ಆಗುತ್ತಿತ್ತೆ? ನನಗಂತೂ ಸಂಶಯ. ಟ್ರೂಟೈಪ್ 1991ರಲ್ಲಿ ಮ್ಯಾಕಿಂಟಾಷ್‌ಗೂ 1992ರಲ್ಲಿ ವಿಂಡೋಸ್‌ಗೂ ಬಂದಿತು.

ಕನ್ನಡದ ಕಷ್ಟ ಬೇರೆಯದು. ಆಗಿನ ಎಂಟು ಬಿಟ್ ಪದ್ಧತಿಯಲ್ಲಿ 256 ಚಿಹ್ನೆಗಳಿಗಷ್ಟೇ ಸ್ಥಳ. ನಮ್ಮ ಗುಣಿತಾಕ್ಷರ, ಒತ್ತಕ್ಷರಗಳಿಗೆ ಅದು ಎಲ್ಲಿ ಸಾಕು? ಕೊಂಬು, ಒತ್ತುಗಳನ್ನು ತುಂಡುತುಂಡಾಗಿಟ್ಟು ಜೋಡಿಸುತ್ತಿದ್ದರು. ಒಂದು ಫಾಂಟಿನಲ್ಲಿ ಬೆರಳಚ್ಚಿಸಿದ ಲೇಖನವು ಇನ್ನೊಂದರಲ್ಲಿ ಅರ್ಥವಿಲ್ಲದ ಗೀಟುಗಳಾಗುತ್ತಿತ್ತು. ಎದುರಾಳಿಗಳಾಗಿದ್ದ ಮೈಕ್ರೋಸಾಫ್ಟ್, ಅಡೋಬಿಗಳೇ 1996ರಲ್ಲಿ ಕೂಡಿ ಪ್ರಕಟಿಸಿದ ಓಪನ್‌ಟೈಪ್ ಇದಕ್ಕೆ ದಾರಿ ತೋರಿತು. ಪಠ್ಯವು ಯೂನಿಕೋಡ್ ಸಂಕೇತಗಳಲ್ಲಿರುತ್ತದೆ. ಒತ್ತು ಕೂಡಿಸುವ ನಿಯಮ ಫಾಂಟಿನೊಳಗೇ ಇರುತ್ತದೆ.

ವೆಬ್ ಪುಟದ ಫಾಂಟು ಮಾತ್ರ ಪುಟದೊಡನೆ ಓದುಗನ ಬಳಿಗೆ ಸಾಗಬೇಕು, ಅದು ಹಗುರವಾಗಿರಬೇಕು. 2012ರಲ್ಲಿ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ವಾಫ್, 2018ರ ವಾಫ್ 2, ಇವು ಹಳೆಯ ಟ್ರೂಟೈಪ್, ಓಪನ್‌ಟೈಪ್ ಕಡತಗಳನ್ನೇ ಅಡಕಮಾಡಿ ಕಟ್ಟಿದ ಗಂಟುಗಳು. ಟೈಪ್ 1ಕ್ಕೆ ಅಡೋಬಿಯೇ 2023ರ ಜನವರಿಯಲ್ಲಿ ತನ್ನ ತಂತ್ರಾಂಶಗಳ ಬೆಂಬಲವನ್ನು ನಿಲ್ಲಿಸಿತು.