ತುಮಕೂರು ರಸ್ತೆಯ ಕೆಂಪು ಬಣ್ಣ

ರೇಷ್ಮೆಗೆ ಕಟ್ಟುವ ಬಣ್ಣಕ್ಕೂ ಕ್ಷಯರೋಗಕ್ಕೂ ಏನು ನಂಟೆಂದು ನೀವು ಕೇಳಬಹುದು. ಫ್ರಾನ್ಸಿನ ಲಿಯೋನ್ ನಗರದಲ್ಲಿ 1859ರ ಸುಮಾರಿಗೆ ತಯಾರಾದ ಫುಕ್ಸಿನ್ ಎಂಬ ಕಡುಗೆಂಪು ಕೃತಕ ಬಣ್ಣ ಮೊದಲು ಹೋದದ್ದು ಬಟ್ಟೆಯ ಬಣ್ಣಗಾರರ ಬಳಿಗೆ. 1882ರ ಮಾರ್ಚ್ 24ರಂದು ಕಾಖ್ ಕ್ಷಯದ ಕ್ರಿಮಿಯನ್ನು ಲೋಕಕ್ಕೆ ತೋರಿಸಿದ ಮೇಲೆ, ಎರ್ಲಿಕ್, ಝೀಲ್, ನೀಲ್ಸನ್ ಎಂಬ ಪಂಡಿತರು ಅದಕ್ಕೆ ಈ ಬಣ್ಣ ಹಿಡಿಸುವ ಕ್ರಮವನ್ನು ಹದಗೊಳಿಸಿದರು.

ಕ್ರಮ ಸರಳವಾದುದು. ಕಫವನ್ನು ಗಾಜಿನ ಮೇಲೆ ತೆಳ್ಳಗೆ ಸವರಿ, ಕಾರ್ಬಾಲಿಕ್ ಆಮ್ಲ ಬೆರೆಸಿದ ಫುಕ್ಸಿನ್ ಸುರಿದು, ಆವಿಯೇಳುವಷ್ಟು ಕಾಯಿಸುತ್ತಾರೆ. ಅನಂತರ ಗಂಧಕಾಮ್ಲದಲ್ಲಿ ತೊಳೆಯುತ್ತಾರೆ. ಉಳಿದುದೆಲ್ಲ ಬಣ್ಣ ಬಿಡುತ್ತದೆ; ಮೇಣದಂಥ ಹೊದಿಕೆಯುಳ್ಳ ಕ್ಷಯದ ಕ್ರಿಮಿ ಮಾತ್ರ ಬಿಡದು. ಕೊನೆಗೆ ಮೆಥಿಲೀನ್ ನೀಲಿ ಹಾಕಿದರೆ ನೀಲಿಯ ನಡುವೆ ಕೆಂಪು ಕಡ್ಡಿಗಳು ಕಾಣುತ್ತವೆ. ಆದರೆ ಕೊಡಬೇಕಾದುದು ಕಫ, ಬರಿಯ ಉಗುಳಲ್ಲ! ಪ್ರಯೋಗಶಾಲೆಯವರು ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾದಾಗ, ಹಳ್ಳಿಯ ರೋಗಿಗಳನ್ನು ಪತ್ತೆಮಾಡುವುದು ಹೇಗೆಂಬುದೇ ದೊಡ್ಡ ಪ್ರಶ್ನೆ. ಎಕ್ಸ್-ರೇ ವಾಹನವನ್ನು ಮನೆಬಾಗಿಲಿಗೆಲ್ಲ ಒಯ್ಯುವಷ್ಟು ಹಣ ಬಡದೇಶಕ್ಕೆ ಎಲ್ಲಿಯದು? ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ರೋಗಿಗಳನ್ನೇ ವಿಚಾರಿಸಿದರು. ಇಂದು ಪೀಣ್ಯದ ಕಾರ್ಖಾನೆಗಳ ನಡುವೆ ಸಾಗುವ ರಸ್ತೆ ಹೋಗುವುದು ಆ ಜಿಲ್ಲೆಗೇ. 1963ರಲ್ಲಿ ಪ್ರಕಟವಾದ ಅವರ ವರದಿ ಹಲವರ ಊಹೆಯನ್ನು ಬುಡಮೇಲು ಮಾಡಿತು. ಹಳ್ಳಿಗರು ಅಜ್ಞಾನದಿಂದ ಸುಮ್ಮನೆ ಕುಳಿತಿರಲಿಲ್ಲ. ಕಫದಲ್ಲಿ ಕ್ರಿಮಿಯಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಕೆಮ್ಮಿನ ಔಷಧಿಯ ಸೀಸೆ ಹಿಡಿದು ಮರಳಿದ್ದರು. ತಪ್ಪು ರೋಗಿಯದಲ್ಲ, ಕಫವನ್ನು ನೋಡದ ಆಸ್ಪತ್ರೆಯದು ಎಂದೇ ನಾನು ಹೇಳುತ್ತೇನೆ.

ಹೀಗಾಗಿ 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದಲ್ಲಿ ಹಳ್ಳಿಯ ಆರೋಗ್ಯಕೇಂದ್ರಕ್ಕೂ ಪಾಲು ದೊರೆಯಿತು. ಅಲ್ಲಿಗೆ ಬೇಕಾದುದು ಒಂದು ಸೂಕ್ಷ್ಮದರ್ಶಕ, ಕೆಲವು ಬಣ್ಣದ ಸೀಸೆಗಳು, ಪಳಗಿದ ಒಂದು ಜೊತೆ ಕಣ್ಣು.

ಈ ಬಣ್ಣಕ್ಕೂ ಮಿತಿಯುಂಟು. ಒಂದು ಮಿಲಿಲೀಟರ್ ಕಫದಲ್ಲಿ 5,000ದಿಂದ 10,000ದಷ್ಟು ಕ್ರಿಮಿಗಳಿಲ್ಲದಿದ್ದರೆ ಅವು ಕಣ್ಣಿಗೆ ಬೀಳುವುದು ಕಷ್ಟ. ಮಕ್ಕಳ ಕ್ಷಯ ಹೀಗೆಯೇ ತಪ್ಪಿಸಿಕೊಳ್ಳುತ್ತದೆ. ಔಷಧಿಗೆ ಜಗ್ಗದ ಕ್ರಿಮಿ ಯಾವುದೆಂದೂ ಬಣ್ಣ ಹೇಳಲಾರದು. ಅದಕ್ಕಾಗಿಯೇ ಈಗ ಕ್ರಿಮಿಯ ಡಿಎನ್ಎಯನ್ನೇ ಹುಡುಕುವ ಯಂತ್ರಗಳು ಬಂದಿವೆ. ಆದರೆ ಆ ಯಂತ್ರಕ್ಕೆ ಸತ್ತ ಕ್ರಿಮಿಯೂ ಒಂದೇ, ಬದುಕಿದ ಕ್ರಿಮಿಯೂ ಒಂದೇ. ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡಲು ವೈದ್ಯರು ಈಗಲೂ ಬಣ್ಣ ಹಾಕಿದ ಗಾಜನ್ನು ಕೇಳುತ್ತಾರೆ.